ಸಾವಿರ ರೂಪಾಯಿಗೆ ಷೇರು: ಲಾಭವನ್ನು ಶುಲ್ಕ ನುಂಗದ ಹಾಗೆ ಕೊಳ್ಳುವುದು

ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಉಳಿಸಿ ಷೇರು ಕೊಳ್ಳುವ ಯೋಚನೆಯಿದ್ದರೆ ಮೊದಲು ಬ್ರೋಕರ್‌ನ ಶುಲ್ಕದ ಪಟ್ಟಿ ನೋಡಿ. ಕಂಪನಿಯ ಆಯ್ಕೆ ಆಮೇಲೆ.

ಒಂದು ಡೆಲಿವರಿ ಆರ್ಡರ್‌ಗೆ (ಷೇರನ್ನು ಅಂದೇ ಮಾರದೆ ಖಾತೆಯಲ್ಲಿ ಇಟ್ಟುಕೊಳ್ಳುವ ವಹಿವಾಟು) ಬ್ರೋಕರೇಜ್, ಅಂದರೆ ಬ್ರೋಕರ್‌ನ ಶುಲ್ಕ, 20 ರೂಪಾಯಿ ಎಂದುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿದರೆ 23.60. ಕೊಳ್ಳುವಾಗ ಒಮ್ಮೆ, ಮಾರುವಾಗ ಇನ್ನೊಮ್ಮೆ. ಮಾರಿದ ದಿನ ಡಿಮ್ಯಾಟ್‌ನಿಂದ (ಷೇರು ಇಡುವ ಎಲೆಕ್ಟ್ರಾನಿಕ್ ಖಾತೆ) ಷೇರು ಹೊರಹೋಗುವುದಕ್ಕೆ ಡಿಪಿ (ಡಿಮ್ಯಾಟ್ ನೋಡಿಕೊಳ್ಳುವ ಸಂಸ್ಥೆ) ಶುಲ್ಕ ಬೇರೆ. ಅದನ್ನು 15 ಎಂದು ಹಿಡಿದರೂ ಜಿಎಸ್‌ಟಿ ಸೇರಿ 17.70. ಒಟ್ಟು 64.90. ಐನೂರು ರೂಪಾಯಿಯ ಷೇರಿಗೆ ಇದು ಸುಮಾರು ಶೇ 13. ಅಷ್ಟು ಏರಿದ ಮೇಲೂ ನಿಮ್ಮ ಕೈಗೆ ಬರುವುದು ಹಾಕಿದ ದುಡ್ಡೇ. ಐದು ಸಾವಿರದ ಖರೀದಿಗಾದರೆ ಅದೇ ಶುಲ್ಕ ಶೇ 1.3.

ಆದ್ದರಿಂದ ಡೆಲಿವರಿಗೆ ಬ್ರೋಕರೇಜ್ ಇಲ್ಲದ ಬ್ರೋಕರ್‌ಗಳನ್ನು ಹುಡುಕಿ, ಇದ್ದಾರೆ. ಡಿಪಿ ಶುಲ್ಕವನ್ನು ಎಷ್ಟು ಷೇರು ಎಂದು ನೋಡದೆ ಕಂಪನಿಗೊಂದರಂತೆ, ದಿನಕ್ಕೊಮ್ಮೆ ಹಾಕುತ್ತಾರೆ; ಹತ್ತು ಷೇರನ್ನು ಹತ್ತು ದಿನ ಮಾರಿದರೆ ಹತ್ತು ಸಲ ಕಟ್ಟಬೇಕು, ಒಂದೇ ದಿನ ಮಾರಿದರೆ ಒಂದೇ ಸಲ. ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ (ಎರಡೂ ಕಡೆ ಶೇ 0.1) ಮತ್ತು ಸ್ಟ್ಯಾಂಪ್ ಡ್ಯೂಟಿ (ಕೊಳ್ಳುವಾಗ ಶೇ 0.015) ಮೊತ್ತಕ್ಕೆ ತಕ್ಕಷ್ಟೇ ಬೀಳುವುದರಿಂದ ಸಣ್ಣ ಖರೀದಿಗೆ ಹೊರೆಯಾಗವು.

ಖಾತೆಗೆ ಪ್ಯಾನ್, ಮೊಬೈಲ್ ಜೋಡಣೆಯಾದ ಆಧಾರ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಸಾಕು. ಬೇರೆಯವರ ಖಾತೆಯಿಂದ ಹಣ ಕಳಿಸಿದರೆ ಬ್ರೋಕರ್ ಸ್ವೀಕರಿಸುವುದಿಲ್ಲ. ಫ್ಯೂಚರ್ಸ್-ಆಪ್ಷನ್ಸ್ (ಮುಂದಿನ ಬೆಲೆಯ ಮೇಲಿನ ಅಪಾಯದ ವಹಿವಾಟು) ಬೇಕೇ ಎಂದು ಕೇಳಿದರೆ ಬೇಡ ಎನ್ನಿ. ನಾಮಿನಿ ತುಂಬಿ. ಡಿಮ್ಯಾಟ್ ಅನ್ನು ಬಿಎಸ್‌ಡಿಎ (ಸಣ್ಣ ಹೂಡಿಕೆದಾರರ ಸರಳ ಡಿಮ್ಯಾಟ್ ಖಾತೆ) ಆಗಿ ತೆರೆಯಿರಿ: 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ನಾಲ್ಕು ಲಕ್ಷದವರೆಗಿನ ಹೂಡಿಕೆಗೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ. ಒಬ್ಬರಿಗೆ ಇಂಥದ್ದು ಒಂದೇ ಖಾತೆ.

ನಮ್ಮ ಎನ್‌ಎಸ್‌ಇ, ಬಿಎಸ್‌ಇ ಷೇರುಪೇಟೆಗಳಲ್ಲಿ ಅರ್ಧ ಷೇರು ಸಿಗದು. ಷೇರಿನ ಬೆಲೆ 3,000 ಇದ್ದು ಕೈಯಲ್ಲಿ ಸಾವಿರವಿದ್ದರೆ ಮೂರು ತಿಂಗಳು ಕೂಡಿಡಿ. ಅದರ ಬದಲು ಎಂಟು ರೂಪಾಯಿಯ ಷೇರನ್ನು ‘ಅಗ್ಗ’ ಎಂದು ನೂರಿಪ್ಪತ್ತು ಕೊಳ್ಳಬೇಡಿ. ಇಂಥ ಎಷ್ಟೋ ಷೇರುಗಳಲ್ಲಿ ಬೆಲೆ ಲೋವರ್ ಸರ್ಕ್ಯೂಟ್ (ಒಂದು ದಿನದಲ್ಲಿ ಇಳಿಯಬಹುದಾದ ಮಿತಿ) ಮುಟ್ಟಿದರೆ ಕೊಳ್ಳುವವರೇ ಇರುವುದಿಲ್ಲ, ಮಾರಲಾಗದೆ ಕೂರಬೇಕು. ಕಾಯುವ ಮನಸ್ಸಿಲ್ಲದವರಿಗೆ ನಿಫ್ಟಿ 50 ಇಟಿಎಫ್ (ಷೇರಿನಂತೆಯೇ ಕೊಂಡು ಮಾರಬಹುದಾದ ಫಂಡ್) ನಮ್ಮ ಮೊದಲ ಸಲಹೆ. ಕೆಲವು ನೂರು ರೂಪಾಯಿಗೇ ಒಂದು ಯೂನಿಟ್ ಸಿಗುತ್ತದೆ, ಅದರೊಳಗೆ ಐವತ್ತು ಕಂಪನಿ. ದಿನದ ವಹಿವಾಟು ಚೆನ್ನಾಗಿರುವುದನ್ನೇ ಆರಿಸಿ. ಫಂಡ್‌ನ ಜಾಲತಾಣದಲ್ಲಿ ಕಾಣುವ ಐಎನ್‌ಎವಿಗಿಂತ (ಒಂದು ಯೂನಿಟ್‌ನ ಆ ಹೊತ್ತಿನ ಅಂದಾಜು ಮೌಲ್ಯ) ಬೆಲೆ ತೀರಾ ಮೇಲಿದ್ದರೆ ಆ ದಿನ ಬಿಡಿ.

ಮಾರುಕಟ್ಟೆ ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಮೊದಲ ಕಾಲು ಗಂಟೆ ಬೆಲೆ ಕುಣಿಯುತ್ತಿರುತ್ತದೆ, ಅದು ಕಳೆಯಲಿ. ಆರ್ಡರ್‌ನಲ್ಲಿ ‘ಡೆಲಿವರಿ’ (ಕೆಲವು ಆ್ಯಪ್‌ಗಳಲ್ಲಿ ‘ಸಿಎನ್‌ಸಿ’) ಆರಿಸಿ. ತಪ್ಪಿ ‘ಇಂಟ್ರಾಡೇ’ ಒತ್ತಿದರೆ ಅಂದೇ ಮಧ್ಯಾಹ್ನ ಬ್ರೋಕರೇ ಮಾರಿಬಿಡುತ್ತಾರೆ. ‘ಮಾರ್ಕೆಟ್’ (ಆಗ ಸಿಕ್ಕ ಬೆಲೆಗೆ ಕೊಳ್ಳುವುದು) ಬದಲು ‘ಲಿಮಿಟ್’ (ನೀವು ಬರೆದ ಬೆಲೆ ಮೀರದಂತೆ ಕೊಳ್ಳುವುದು) ಆರ್ಡರ್ ಹಾಕಿ. ಮಾರುವವರ ಅತಿ ಕಡಿಮೆ ದರ 412.60 ಎಂದು ಕಂಡರೆ ಅದನ್ನೇ ಬರೆಯಿರಿ: ಸಿಕ್ಕರೆ ಅಷ್ಟಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ, ಇಲ್ಲದಿದ್ದರೆ ಇಲ್ಲ. ವಹಿವಾಟು ತೆಳುವಾಗಿರುವ ಷೇರಿಗೆ ಮಾರ್ಕೆಟ್ ಆರ್ಡರ್ ಹಾಕಿದರೆ ನೀವು ನೋಡಿದ ಬೆಲೆಗೂ ಕೊಟ್ಟ ಬೆಲೆಗೂ ತಾಳೆಯಾಗದು.

ಕೊಂಡ ಷೇರು ಮುಂದಿನ ಕೆಲಸದ ದಿನ ಡಿಮ್ಯಾಟ್‌ಗೆ ಬರುತ್ತದೆ. ಇಮೇಲ್‌ಗೆ ಬರುವ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ (ಬ್ರೋಕರ್ ಕೊಡುವ ವಹಿವಾಟಿನ ವಿವರಪತ್ರ) ಸಂಖ್ಯೆ, ದರ, ಪ್ರತಿ ಶುಲ್ಕವನ್ನೂ ನೋಡಿ. ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳಿಸುವ ಹೇಳಿಕೆಯೊಂದಿಗೆ ತಾಳೆ ಹಾಕಿ. ಬ್ರೋಕರ್‌ನ ಆ್ಯಪ್ ತೋರಿಸಿದ್ದನ್ನಷ್ಟೇ ನಂಬಿ ಕೂರಬೇಡಿ. ವ್ಯತ್ಯಾಸ ಕಂಡರೆ ಮೊದಲು ಬ್ರೋಕರ್‌ಗೆ ಬರೆಯಿರಿ, ಪರಿಹಾರ ಸಿಗದಿದ್ದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಕೊಡಿ.

ಮಾರುವ ಮುನ್ನ ಕೊಂಡ ದಿನಾಂಕ ನೋಡಿ. ಹನ್ನೆರಡು ತಿಂಗಳೊಳಗಿನ ಲಾಭಕ್ಕೆ ತೆರಿಗೆ ಶೇ 20. ಅದು ದಾಟಿದ ಮೇಲೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 12.5. ತಿಂಗಳು ತಿಂಗಳು ಕೊಂಡಿದ್ದರೆ ಮೊದಲು ಕೊಂಡದ್ದೇ ಮೊದಲು ಮಾರಿದಂತೆ ಲೆಕ್ಕ.