ಮಚ್ಚೆ ಹುಡುಕುತ್ತಾ ಮನೆ ಮನೆಗೆ

ಮಂಜೇಶ್ವರ ತಾಲೂಕಿನ ಗಡಿಗೆ ತಾಗಿದ ಒಂದು ವಾರ್ಡಿನಲ್ಲಿ ನಾನು ಆಶಾ ಕಾರ್ಯಕರ್ತೆ. ಕುಷ್ಠರೋಗ ಪತ್ತೆಗೆ ಕೇರಳದಲ್ಲಿ ನಡೆಯುವ ಮನೆ ಭೇಟಿಗೆ ‘ಅಶ್ವಮೇಧಂ’ ಅಂತ ಹೆಸರು. ಶುರುವಾದದ್ದು 2018ರಲ್ಲಿ. ಒಬ್ಬಳು ಹೆಂಗಸು, ಒಬ್ಬ ಗಂಡಸು ಜೋಡಿಯಾಗಿ ಹೋಗಬೇಕು. ಅದು ಯಾಕೆ ಅಂತ ಮೊದಲ ಮನೆಯಲ್ಲೇ ಗೊತ್ತಾಗುತ್ತದೆ. ಬೆನ್ನು, ಸೊಂಟ, ತೊಡೆ ನೋಡದೆ ಈ ಕೆಲಸ ಆಗುವುದಿಲ್ಲ. ಯಾರೋ ಬಂದು ಮೈ ತೋರಿಸಿ ಅಂದರೆ ಯಾರು ತೋರಿಸುತ್ತಾರೆ ಹೇಳಿ?

‘ಕುಷ್ಠ ಇದೆಯಾ ನೋಡಲು ಬಂದೆವು’ ಅಂದರೆ ಜಗಲಿಯಲ್ಲೇ ಮಾತು ಮುಗಿಯುತ್ತದೆ. ನಾನು ಕೇಳುವುದೇ ಬೇರೆ. ‘ಮೈಮೇಲೆ ಎಲ್ಲಾದರೂ ಕಲೆ ಇದೆಯಾ? ತುರಿಕೆ ಇಲ್ಲದ್ದು, ನೋವಿಲ್ಲದ್ದು?’ ತುರಿಸುವ ತದ್ದನ್ನು ಜನ ತಾವಾಗಿಯೇ ತೋರಿಸಿ ಮುಲಾಮು ಕೇಳುತ್ತಾರೆ. ಪೂರ್ತಿ ಬೆಳ್ಳಗಾಗುವ ತೊನ್ನೂ ಇದಲ್ಲ. ನನಗೆ ಬೇಕಾದದ್ದು ಸುಮ್ನೆ ಇದ್ದುಬಿಟ್ಟಿರುವ ಮಚ್ಚೆ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬಿಳಿಚಿರುತ್ತದೆ, ಇಲ್ಲವೇ ಕೆಂಪಗಿರುತ್ತದೆ. ಅಲ್ಲಿ ಬೆವರು ಕಡಿಮೆ, ರೋಮವೂ ಕಡಿಮೆ.

ಅಂಥದ್ದು ಕಂಡರೆ ಒಂದು ಬಾಲ್ ಪೆನ್ನು ಸಾಕು. ಮೊದಲು ಕಣ್ಣೆದುರೇ ಮೆಲ್ಲಗೆ ಮುಟ್ಟಿ ತೋರಿಸುತ್ತೇನೆ, ಹೆದರಿಕೆ ಹೋಗಲಿ ಅಂತ. ಆಮೇಲೆ ಕಣ್ಣು ಮುಚ್ಚಿಸಿ, ಪೆನ್ನು ತಾಗಿದಲ್ಲಿ ಬೆರಳಿಡಿ ಅನ್ನುತ್ತೇನೆ. ‘ಗೊತ್ತಾಯಿತಾ?’ ಅಂತ ಮಾತ್ರ ಕೇಳಬಾರದು. ಕೇಳಿದರೆ ಎಲ್ಲರೂ ಹೌದು ಅಂದುಬಿಡುತ್ತಾರೆ. ಮಚ್ಚೆಯ ಮೇಲೆ ಒಮ್ಮೆ, ಬೇರೆ ಕಡೆ ಒಮ್ಮೆ. ಮಚ್ಚೆ ಮುಟ್ಟಿದಾಗ ಬೆರಳು ಏಳದಿದ್ದರೆ ಕುಟುಂಬ ಆರೋಗ್ಯ ಕೇಂದ್ರಕ್ಕೆ ಚೀಟಿ. ರೋಗ ಹೌದೋ ಅಲ್ಲವೋ ಹೇಳುವುದು ಡಾಕ್ಟರು.

ಈಗೀಗ ನಾನು ಮಚ್ಚೆಗಿಂತ ಮೊದಲು ಕೈ ನೋಡುತ್ತೇನೆ. ಬೀಡಿ ಕಟ್ಟುವ ಹೆಂಗಸರು ನಮ್ಮಲ್ಲಿ ಇನ್ನೂ ಇದ್ದಾರೆ. ನೂಲು ಸುತ್ತುವಾಗ ಬೆರಳು ಸೋಲುತ್ತಿದೆ, ಕಿರುಬೆರಳು ಮಡಚಿ ನಿಂತಿದೆ ಅಂದರೆ ಮೊಣಕೈ ಹಿಂದಿನ ನರ ದಪ್ಪವಾಗಿದೆಯಾ ಅಂತ ನೋಡಿಸಬೇಕು. ಅಡಿಕೆ ಸುಲಿಯುವವರ ಕೈಯಲ್ಲಿ ಗಾಯ ಮಾಮೂಲು. ಆದರೆ ‘ಯಾವಾಗ ತಾಗಿತೋ ಗೊತ್ತೇ ಆಗಲಿಲ್ಲ’ ಅಂದರೆ ನಾನು ಅಲ್ಲೇ ಕೂತುಬಿಡುತ್ತೇನೆ. ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದವರ ಹತ್ತಿರವೂ ಹಾಗೆಯೇ. ರೋಗಾಣು ಹಾಳು ಮಾಡುವುದು ನರವನ್ನು. ಬೆರಳು ಮೊಂಡಾಗುವುದು ನೋವೇ ಗೊತ್ತಾಗದ ಗಾಯ, ಸುಟ್ಟದ್ದು, ಕೀವು ಇವುಗಳಿಂದ. ವೆಲ್ಲೂರಿನಲ್ಲಿ ಕೆಲಸ ಮಾಡಿದ ಸರ್ಜನ್ ಪಾಲ್ ಬ್ರ್ಯಾಂಡ್ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಬೆರಳು ಉದುರುವ ರೋಗ ಅಂತ ನಂಬಿದ ಅಜ್ಜಿಯಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ.

‘ನಿರ್ಮೂಲನೆ ಆಯಿತಲ್ಲಾ, ಮತ್ತೆ ಯಾಕೆ ಬರುತ್ತೀರಿ?’ ಅಂತ ಓದಿದವರು ಕೇಳುತ್ತಾರೆ. 10,000 ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಅನ್ನುವ ಗುರಿಯನ್ನು ವಿಶ್ವ ಆರೋಗ್ಯ ಸಭೆ ಇಟ್ಟದ್ದು 1991ರಲ್ಲಿ. ಭಾರತ ಅದನ್ನು 2005ರ ಕೊನೆಗೆ ಮುಟ್ಟಿತು. ರೋಗ ಅಲ್ಲಿಗೆ ಹೋಗಲಿಲ್ಲ, ಹುಡುಕಾಟ ಸಡಿಲವಾಯಿತು. ನನ್ನನ್ನು ಕೇಳಿದರೆ ಆ ಗುರಿಗೆ ‘ನಿರ್ಮೂಲನೆ’ ಅಂತ ಹೆಸರಿಟ್ಟದ್ದರಿಂದ ತೊಂದರೆಯೇ ಜಾಸ್ತಿ. 2023ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಹೊಸ ರೋಗಿಗಳು 1,82,815. ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದವರು. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಬೇಕು. ಹೀಗಿರುವಾಗ ಹೋಗುವುದು ನಿಲ್ಲಿಸಲು ಆಗುತ್ತದಾ?

ಮಾತ್ರೆಯ ಕತೆ ಬೇರೆ. ಮೂರು ಔಷಧಿಗಳನ್ನು ಸೇರಿಸಿ ಕೊಡುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಹೇಳಿತು. 28 ದಿನಕ್ಕೆ ಒಂದು ಪ್ಯಾಕೆಟ್. ರೋಗದ ಬಗೆ ನೋಡಿ ಆರು ತಿಂಗಳು, ಇಲ್ಲವೇ ಒಂದು ವರ್ಷ. 1995ರಿಂದ ಎಲ್ಲ ದೇಶಗಳಿಗೂ ಉಚಿತ. ಈ ಮೂರರಲ್ಲಿ ಒಂದಾದ ರಿಫಾಂಪಿಸಿನ್ ತಿಂದ ದಿನ ಮೂತ್ರ ಕೆಂಪಗಾಗುತ್ತದೆ. ಮೊದಲೇ ಹೇಳಿಡದಿದ್ದರೆ ಜನ ಹೆದರಿ ಬಿಟ್ಟುಬಿಡುತ್ತಾರೆ. ಅದಕ್ಕಿಂತ ಕಷ್ಟದ್ದು ಕ್ಲೊಫಾಜಿಮಿನ್. ಮುಖ ಕಪ್ಪಾಗುತ್ತಾ ಬರುತ್ತದೆ. ನಿಲ್ಲಿಸಿದ ಮೇಲೆ ಮೆಲ್ಲಮೆಲ್ಲಗೆ ತಿಳಿಯಾಗುವುದು ನಿಜ. ಆದರೆ ಅಷ್ಟರೊಳಗೆ ನೆಂಟರು ಕೇಳದೆ ಬಿಡುತ್ತಾರಾ? ಮದುವೆ ವಯಸ್ಸಿಗೆ ಬಂದ ಹುಡುಗಿಯ ತಾಯಿಗೆ ಇದನ್ನು ಹೇಳುವಾಗ ನನಗೇ ಗಂಟಲು ಕಟ್ಟುತ್ತದೆ. ಕೆಲವರು ಇದಕ್ಕೇ ಹತ್ತಿರದ ಆಸ್ಪತ್ರೆ ಬಿಟ್ಟು ಮಂಗಳೂರಿಗೆ ಹೋಗುತ್ತಾರೆ. ಹೋಗಲಿ, ಮಾತ್ರೆ ತಪ್ಪದಿದ್ದರೆ ಸಾಕು.

ರೋಗಿಯ ಮನೆಯವರಿಗೆ, ಅಕ್ಕಪಕ್ಕದವರಿಗೆ ರೋಗ ಬಾರದಿರಲಿ ಅಂತ ಒಂದೇ ಸಲ ರಿಫಾಂಪಿಸಿನ್ ಕೊಡುವ ಕ್ರಮ ಈಗ ಇದೆ. ಬಾಂಗ್ಲಾದೇಶದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಎರಡು ವರ್ಷ ಹೊಸ ರೋಗಿಗಳು ಅರ್ಧಕ್ಕಿಂತ ಕಡಿಮೆಯಾದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿತು. ಮಾತ್ರೆ ಕೊಡುವುದು ಸುಲಭ. ಯಾರಿಂದಾಗಿ ಕೊಡುತ್ತಿದ್ದೇವೆ ಅಂತ ನೆರೆಮನೆಗೆ ಗೊತ್ತಾಗದಂತೆ ಕೊಡುವುದು ಕಷ್ಟ. ರೋಗಿ ಒಪ್ಪದೆ ನಾವು ಪಕ್ಕದ ಮನೆ ಹತ್ತುವುದಿಲ್ಲ. ಒಪ್ಪಿದರೆ ಆ ಸಾಲಿನ ಎಲ್ಲ ಮನೆಗಳಲ್ಲೂ ಚರ್ಮ ತಪಾಸಣೆ ಅಂತ ಮಾಡುತ್ತೇವೆ, ರೋಗಿಯ ಮನೆಯನ್ನು ನಡುವೆ ಎಲ್ಲೋ ಸೇರಿಸಿಕೊಂಡು. ಕೆಮ್ಮು, ಜ್ವರ ಇದ್ದವರಿಗೆ ಮೊದಲು ಕ್ಷಯ ಪರೀಕ್ಷೆ. ಬಸುರಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರೆ ಇಲ್ಲ.

ಹೆಂಗಸರು ಒಳಗೆ ಕರೆದು ಕೇಳುವ ಪ್ರಶ್ನೆ ಒಂದೇ. ಗಂಡ ಬಿಟ್ಟರೆ? ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾನೂನಿನ ಸಾಲುಗಳನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರಿಗೂ. ಇದು ಗಂಡನಿಗೂ ಗೊತ್ತಿರಲಿ ಅಂತ ಅವರು ಮನೆಯಲ್ಲಿರುವಾಗಲೇ ಹೇಳುತ್ತೇನೆ.

ಕೆಂಪು ಕಲ್ಲಿನ ಕೋರೆಗಳಲ್ಲಿ ದುಡಿಯುವ ಹೊರ ರಾಜ್ಯದವರು ಹಗಲು ಸಿಗುವುದಿಲ್ಲ. ಸಂಜೆ ಸ್ನಾನದ ಹೊತ್ತಿಗೆ ಹೋದರೆ ಅಂಗಿ ಬಿಚ್ಚಿಸುವ ಕೆಲಸವೇ ಇಲ್ಲ, ನನ್ನ ಜೊತೆಗಾರ ಅಲ್ಲೇ ನೋಡಿ ಮುಗಿಸುತ್ತಾನೆ. ಮಳೆ ಹಿಡಿದರೆ ಕೋರೆ ಬಂದ್, ಅವರು ಊರಿಗೆ. ಮಾತ್ರೆ ಮುಗಿಯುವ ಮೊದಲೇ ಹೊರಟವರ ಚಿಕಿತ್ಸಾ ಕಾರ್ಡಿನ ಫೋಟೋ ಅವರ ಫೋನಿನಲ್ಲೇ ತೆಗೆದುಕೊಡುತ್ತೇವೆ. ಊರಿನ ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ಉಳಿದ ಪ್ಯಾಕೆಟ್‌ಗಳು ಅಲ್ಲೇ ಸಿಗುತ್ತವೆ.