ಸ್ಪೋರ್ಟ್ಸ್ ವಾಚ್ ತೋರಿಸುವ ಎತ್ತರ ತಪ್ಪಾದಾಗ: ನನ್ನ ಅನುಭವ

ಬೆಟ್ಟ ಹತ್ತುವಾಗಲೂ ಏರುದಾರಿಯಲ್ಲಿ ಓಡುವಾಗಲೂ ನಾನು ಕಟ್ಟಿಕೊಳ್ಳುವ ಸ್ಪೋರ್ಟ್ಸ್ ವಾಚ್ ಕೆಲವು ತಿಂಗಳುಗಳಿಂದ ಎತ್ತರವನ್ನು ತಪ್ಪಾಗಿ ತೋರಿಸುತ್ತಿತ್ತು. ಹೊರಟ ಜಾಗಕ್ಕೇ ಮರಳಿ ಬಂದರೂ ಮೊದಲಿನ ಅಂಕಿಗೂ ಕೊನೆಯ ಅಂಕಿಗೂ ಹತ್ತಾರು ಮೀಟರುಗಳ ಅಂತರ ಉಳಿಯುತ್ತಿತ್ತು; ಚೆನ್ನಾಗಿ ಪರಿಚಯವಿರುವ ದಾರಿಯ ಒಟ್ಟು ಏರಿಕೆ ಒಂದು ದಿನ ಹೆಚ್ಚಾಗಿ, ಇನ್ನೊಂದು ದಿನ ಕಡಿಮೆಯಾಗಿ ದಾಖಲಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಕ್ಯಾಲಿಬ್ರೇಷನ್, ಅಂದರೆ ವಾಚಿನ ಅಂಕಿಯನ್ನು ಗೊತ್ತಿರುವ ಎತ್ತರಕ್ಕೆ ಹೊಂದಿಸುವುದು. ಆದರೆ ದೋಷ ಯಾವ ಬಗೆಯದೆಂದು ಗುರುತಿಸದೆ ಮಾಡಿದ ಕ್ಯಾಲಿಬ್ರೇಷನ್ ಆ ಕ್ಷಣದ ಅಂಕಿಯನ್ನಷ್ಟೇ ಸರಿಪಡಿಸುತ್ತದೆ, ಮೂಲ ಕಾರಣ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಾನು ಮೊದಲು ದೋಷದ ಸ್ವರೂಪವನ್ನು ಗಮನಿಸಿ, ಆಮೇಲೆ ಪರಿಹಾರಕ್ಕೆ ಕೈ ಹಾಕಿದೆ.

ಈ ವಾಚಿನಲ್ಲಿ ಬಾರೋಮೀಟರ್ ಸೆನ್ಸರ್ ಇದೆ. ಅಂದರೆ ಅದು ಅಳೆಯುವುದು ಗಾಳಿಯ ಒತ್ತಡವನ್ನು, ಎತ್ತರವನ್ನಲ್ಲ. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುತ್ತದೆ ಎಂಬುದನ್ನು 1648ರಲ್ಲಿ ಫ್ರೆಂಚ್ ವಿಜ್ಞಾನಿ ಪಾಸ್ಕಲ್‌ನ ಕೋರಿಕೆಯಂತೆ ಆತನ ಭಾವ ಫ್ಲೋರಿನ್ ಪೆರಿಯೆ ಫ್ರಾನ್ಸಿನ ಪ್ಯೂಯ್ ದ ದೋಮ್ ಬೆಟ್ಟಕ್ಕೆ ಪಾದರಸದ ನಳಿಕೆಯನ್ನು ಹೊತ್ತೊಯ್ದು ತೋರಿಸಿದ್ದ. ನಮ್ಮ ಮಣಿಕಟ್ಟಿನ ಮೇಲೆ ಇಂದಿಗೂ ನಡೆಯುತ್ತಿರುವುದು ಅದೇ ಪ್ರಯೋಗ. ಸಮುದ್ರ ಮಟ್ಟದ ಆಸುಪಾಸಿನಲ್ಲಿ ಒತ್ತಡ 1 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡವನ್ನು ಅಳೆಯುವ ಮಾನ) ಇಳಿದರೆ ವಾಚು ಅದನ್ನು ಸುಮಾರು 8 ಮೀಟರ್ ಏರಿಕೆ ಎಂದು ಲೆಕ್ಕ ಹಾಕುತ್ತದೆ; 3000 ಮೀಟರ್ ಎತ್ತರದಲ್ಲಿ ಅಷ್ಟೇ ಇಳಿಕೆ ಸುಮಾರು 11 ಮೀಟರಿಗೆ ಸಮ. ಹವಾಮಾನ ಬದಲಾಗಿ ಒತ್ತಡ 10 ಹೆಕ್ಟೊಪ್ಯಾಸ್ಕಲ್ ಕುಸಿದರೆ, ಕದಲದೆ ಕುಳಿತ ವ್ಯಕ್ತಿಯೂ 80 ಮೀಟರಿಗಿಂತ ಹೆಚ್ಚು ಮೇಲೇರಿದಂತೆ ಅಂಕಿ ಬರುತ್ತದೆ. ಬಾರೋಮೀಟರ್ ಇಲ್ಲದೆ ಕೇವಲ ಜಿಪಿಎಸ್ ನಂಬಿದ ವಾಚುಗಳೂ ಇವೆ. ತಮ್ಮದು ಯಾವುದೆಂದು ಮೊದಲೇ ತಿಳಿದುಕೊಳ್ಳದಿದ್ದರೆ ಮುಂದಿನ ಪರೀಕ್ಷೆಗಳಿಗೆ ಅರ್ಥವಿರುವುದಿಲ್ಲ.

ನನ್ನ ಮೊದಲ ಪರೀಕ್ಷೆ ತೀರಾ ಸರಳವಾದದ್ದು. ವಾಚನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು, ಒಂದು ಹಗಲು ಒಂದು ರಾತ್ರಿ ಎತ್ತರದ ರೇಖೆಯನ್ನು ನೋಡಿದೆ. ರೇಖೆ ನೇರವಾಗಿರಲಿಲ್ಲ, ನೇರವಾಗಿರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಸೂರ್ಯನ ಬಿಸಿಯಿಂದ ವಾತಾವರಣದಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವಿಳಿತದಂಥ ಏರಿಳಿತ ಉಂಟಾಗುತ್ತದೆ: ಬೆಳಗ್ಗೆ ಮತ್ತು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಒತ್ತಡ ಹೆಚ್ಚು, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಕಡಿಮೆ. ಉಷ್ಣವಲಯದಲ್ಲಿ ಈ ವ್ಯತ್ಯಾಸ ಕೆಲವು ಹೆಕ್ಟೊಪ್ಯಾಸ್ಕಲ್‌ಗಳಷ್ಟಿರುವುದರಿಂದ, ಬೆಳಗ್ಗೆ ಹತ್ತಕ್ಕೆ ಹೊರಟು ಸಂಜೆ ನಾಲ್ಕಕ್ಕೆ ಅದೇ ಜಾಗಕ್ಕೆ ಮರಳಿದವರ ವಾಚು 20 ಮೀಟರಿನಷ್ಟು ಹೆಚ್ಚು ತೋರಿಸಿದರೆ ಅದನ್ನು ಕೆಟ್ಟ ವಾಚು ಎನ್ನಲಾಗದು. ನನ್ನ ರೇಖೆಯಲ್ಲಿ ಈ ನಿಧಾನವಾದ ಅಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಠಾತ್ತಾದ ಜಿಗಿತಗಳು ಇರಲಿಲ್ಲ. ಅಲ್ಲಿಗೆ ಸೆನ್ಸರ್ ಸತ್ತಿಲ್ಲವೆಂಬುದು ಖಚಿತವಾಯಿತು.

ಎರಡನೆಯ ಪರೀಕ್ಷೆಗೆ ಬಹುಮಹಡಿ ಕಟ್ಟಡದ ಮೆಟ್ಟಿಲುಗಳು ಸಾಕಾದವು. ಒಂದು ಮೆಟ್ಟಿಲಿನ ಎತ್ತರವನ್ನು ಅಳೆದು ಮೆಟ್ಟಿಲುಗಳ ಸಂಖ್ಯೆಯಿಂದ ಗುಣಿಸಿದರೆ ನಿಜವಾದ ಏರಿಕೆ ಎಷ್ಟೆಂದು ತಿಳಿಯುತ್ತದೆ; ಹತ್ತಿ ಇಳಿಯಲು ಹಿಡಿಯುವ ಕೆಲವೇ ನಿಮಿಷಗಳಲ್ಲಿ ಹವಾಮಾನ ಬದಲಾಗುವುದು ಅಪರೂಪ. ನಿಜವಾದ ತೊಂದರೆ ಇಲ್ಲಿ ಬಯಲಾಯಿತು. ನಾನು ಹತ್ತುತ್ತಿದ್ದಾಗ ಅಂಕಿ ಹಿಂದುಳಿಯುತ್ತಿತ್ತು. ಮೇಲಿನ ಮಹಡಿಯಲ್ಲಿ ನಿಂತ ಮೇಲೂ ಕೆಲವು ನಿಮಿಷ ತಾನಾಗಿಯೇ ಏರುತ್ತಾ ಹೋಗುತ್ತಿತ್ತು. ಇಳಿಯುವಾಗ ಇದರ ತಿರುಗುಮುರುಗು: ಕೆಳಗೆ ಬಂದು ನಿಂತಿದ್ದರೂ ವಾಚಿನ ಪ್ರಕಾರ ನಾನಿನ್ನೂ ಎರಡನೆಯ ಮಹಡಿಯಲ್ಲಿದ್ದೆ. ಒಂದೇ ಮಹಡಿಯನ್ನು ಹತ್ತುವಾಗ ಕಡಿಮೆಯಾಗಿಯೂ ಇಳಿಯುವಾಗ ಹೆಚ್ಚಾಗಿಯೂ ತೋರಿಸುವ ಈ ಲಕ್ಷಣಕ್ಕೆ ಸಾಮಾನ್ಯವಾಗಿ ಒಂದೇ ಕಾರಣ. ಸೆನ್ಸರಿಗೆ ಗಾಳಿ ತಲುಪಿಸುವ ರಂಧ್ರ ಕಟ್ಟಿಕೊಂಡಿರುತ್ತದೆ, ಒಳಗೆ ಸಿಕ್ಕಿಕೊಂಡ ಹಳೆಯ ಒತ್ತಡ ಹೊರಗಿನದರೊಂದಿಗೆ ಸಮನಾಗಲು ಹೊತ್ತು ಹಿಡಿಯುತ್ತದೆ.

ವಾಚಿನ ಅಂಚಿನಲ್ಲಿ, ಗುಂಡಿಗಳ ನಡುವೆ ಇರುವ ಆ ರಂಧ್ರಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಣಗಿದ ಬೆವರಿನ ಉಪ್ಪು ಮತ್ತು ಸನ್‌ಸ್ಕ್ರೀನ್ ಸೇರಿ ಬಿಳಿಯ ಗಟ್ಟಿ ಪೊರೆಯಾಗಿತ್ತು. ಮೂರು ರಂಧ್ರಗಳ ಪೈಕಿ ಒಂದು ಮಾತ್ರ ಅರ್ಧ ತೆರೆದಿತ್ತು. ಸೂಜಿಯಿಂದ ಚುಚ್ಚಬೇಕೆನಿಸುವುದು ಸಹಜ, ಆದರೆ ಖಂಡಿತ ಚುಚ್ಚಬಾರದು. ಒಳಗಿನ ಸೂಕ್ಷ್ಮ ಭಾಗಕ್ಕೆ ಪೆಟ್ಟಾದರೆ ವಾಚು ಮತ್ತೆ ಸರಿಯಾಗದು, ನೀರು ತಡೆಯುವ ಗುಣವೂ ಹೋಗಬಹುದು. ಬಿರುಸಿನ ಗಾಳಿಯನ್ನು ಊದುವುದೂ ಅಷ್ಟೇ ಅಪಾಯ. ವಾಚು ನೀರು ತಡೆಯುವಂಥದ್ದೆಂದು ಖಚಿತಪಡಿಸಿಕೊಂಡು, ಪಟ್ಟಿ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ ನೆನೆಸಿದೆ. ಆಗಾಗ ಮೆಲ್ಲಗೆ ಅಲ್ಲಾಡಿಸಿ, ನೀರು ಬದಲಿಸಿ, ಮತ್ತೆ ನೆನೆಸಿದೆ. ಗಟ್ಟಿಯಾದ ಉಪ್ಪು ಒಂದೇ ಸಲಕ್ಕೆ ಕರಗುವುದಿಲ್ಲ. ಕೊನೆಗೆ ತೆಳುವಾಗಿ ಬೀಳುವ ಸಾದಾ ನೀರಿನಲ್ಲಿ ತೊಳೆದು, ಒಣ ಬಟ್ಟೆಯ ಮೂಲೆಯನ್ನು ರಂಧ್ರಕ್ಕೆ ತಾಗಿಸಿ ತೇವವನ್ನು ಹೀರಿಸಿ, ರಂಧ್ರಗಳು ಕೆಳಮುಖವಾಗುವಂತೆ ರಾತ್ರಿಯಿಡೀ ಒಣಗಲು ಬಿಟ್ಟೆ. ನೀರು ಒಳಗೆ ಉಳಿದರೂ ಅಂಕಿ ಕೆಡುತ್ತದೆ. ಒಂದು ಸೆಂಟಿಮೀಟರ್ ನೀರಿನ ಒತ್ತಡ ಸುಮಾರು 1 ಹೆಕ್ಟೊಪ್ಯಾಸ್ಕಲ್. ಬಟ್ಟಲಿನಲ್ಲಿ 10 ಸೆಂಟಿಮೀಟರ್ ಆಳಕ್ಕೆ ಇಳಿಸಿದ ವಾಚು ಎತ್ತರವನ್ನು 80 ಮೀಟರಿನಷ್ಟು ಕಡಿಮೆ ಮಾಡಿ ತೋರಿಸುತ್ತದೆ. ಈಜಿದ ಅಥವಾ ಸ್ನಾನ ಮಾಡಿದ ಬೆನ್ನಿಗೇ ಬರುವ ವಿಚಿತ್ರ ಅಂಕಿಗಳ ಹಿಂದಿನ ಕಾರಣವೂ ಬಹುಮಟ್ಟಿಗೆ ನೀರೇ. ಒಣಗಿದ ಮೇಲೆ ಮತ್ತೆ ಮೆಟ್ಟಿಲು ಹತ್ತಿದಾಗ ಅಂಕಿ ಹೆಜ್ಜೆಯೊಂದಿಗೇ ಏರಿತು, ಹೆಜ್ಜೆಯೊಂದಿಗೇ ಇಳಿಯಿತು.

ರಂಧ್ರ ಶುಚಿಯಾದ ಮೇಲೆ ಉಳಿದದ್ದು ಸೆಟ್ಟಿಂಗ್‌ಗಳ ಕೆಲಸ. ಒತ್ತಡ ಬದಲಾದಾಗ ಅದಕ್ಕೆ ಕಾರಣ ಎತ್ತರವೋ ಹವಾಮಾನವೋ ಎಂದು ವಾಚು ತಾನಾಗಿ ಅರಿಯಲಾರದು. ಆಲ್ಟಿಮೀಟರ್ ಮೋಡಿನಲ್ಲಿ ಎಲ್ಲ ಬದಲಾವಣೆಯನ್ನೂ ಎತ್ತರವೆಂದೂ, ಬಾರೋಮೀಟರ್ ಮೋಡಿನಲ್ಲಿ ಎಲ್ಲವನ್ನೂ ಹವಾಮಾನವೆಂದೂ ಅದು ಎಣಿಸುತ್ತದೆ. ಆಟೋ ಮೋಡಿನಲ್ಲಿ ಚಲನೆಯನ್ನು ನೋಡಿ ಊಹಿಸುತ್ತದೆ. ನಿಧಾನವಾದ ಕಡಿದಾದ ಏರಿನಲ್ಲಿ, ಮುಖ್ಯವಾಗಿ ನಡುನಡುವೆ ನಿಂತು ದಣಿವಾರಿಸಿಕೊಳ್ಳುವವರ ವಿಷಯದಲ್ಲಿ, ಈ ಊಹೆ ತಪ್ಪುವುದನ್ನು ನೋಡಿದ್ದೇನೆ. ಆದ್ದರಿಂದ ಬೆಟ್ಟ ಹತ್ತುವಾಗ ಆಲ್ಟಿಮೀಟರ್ ಮೋಡಿಗೆ, ರಾತ್ರಿ ಬಿಡಾರ ಹೂಡಿದಾಗ ಬಾರೋಮೀಟರ್ ಮೋಡಿಗೆ ನಾನೇ ಬದಲಿಸುತ್ತೇನೆ.

ಈಗ ಕ್ಯಾಲಿಬ್ರೇಷನ್‌ಗೆ ಅರ್ಥ ಬಂತು. ಎತ್ತರ ಖಚಿತವಾಗಿ ಗೊತ್ತಿರುವ ಜಾಗದಲ್ಲಿ, ಅಂದರೆ ಸರ್ವೆ ಕಲ್ಲಿನ ಬಳಿ ಅಥವಾ ಭೂಪಟದಲ್ಲಿ ಎತ್ತರ ನಮೂದಾಗಿರುವ ಕಣಿವೆ, ಶಿಖರಗಳಲ್ಲಿ, ಅಂಕಿಯನ್ನು ಕೈಯಾರೆ ತುಂಬುವುದೇ ಎಲ್ಲಕ್ಕಿಂತ ನಂಬಲರ್ಹ ವಿಧಾನ. ಜಿಪಿಎಸ್ ಎತ್ತರವನ್ನು ನಾನು ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡಿದ್ದೇನೆ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಷ್ಟೇ ಇದ್ದು ಕಾಲ ಕೆಳಗೆ ಇರುವುದಿಲ್ಲವಾದ್ದರಿಂದ, ಲಂಬ ದಿಕ್ಕಿನ ದೋಷ ಅಡ್ಡ ದಿಕ್ಕಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಅದಲ್ಲದೆ ಜಿಪಿಎಸ್ ಮೂಲತಃ ಕೊಡುವುದು ಗಣಿತದ ದೀರ್ಘವೃತ್ತಾಕಾರದ ಭೂಮಿಯಿಂದ ಅಳೆದ ಎತ್ತರ. ಅದಕ್ಕೂ ಸಮುದ್ರ ಮಟ್ಟದಿಂದ ಅಳೆದ ಎತ್ತರಕ್ಕೂ ಇರುವ ವ್ಯತ್ಯಾಸ ಹಿಂದೂ ಮಹಾಸಾಗರದ ಒಂದು ಭಾಗದಲ್ಲಿ 100 ಮೀಟರನ್ನೂ ಮೀರುತ್ತದೆ. ವಾಚುಗಳು ಈ ತಿದ್ದುಪಡಿಯನ್ನು ತಾವೇ ಮಾಡಿಕೊಳ್ಳುತ್ತವೆ, ಆದರೆ ಕಚ್ಚಾ ದತ್ತಾಂಶವನ್ನು ಇನ್ನೊಂದು ಸಾಧನದೊಂದಿಗೆ ಹೋಲಿಸುವವರು ಇದನ್ನು ಮರೆಯಬಾರದು. ವಾಚಿನೊಳಗಿನ ಎತ್ತರದ ನಕ್ಷೆಯನ್ನು ಬಳಸುವುದಾದರೆ ಸಮತಟ್ಟಾದ ಬಯಲಿನಲ್ಲಿ ನಿಂತು ಬಳಸಬೇಕು. ಇಂಥ ನಕ್ಷೆಗಳು ನೆಲವನ್ನು ಹತ್ತಾರು ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿರುವುದರಿಂದ ಬಂಡೆಯ ಅಂಚಿನಲ್ಲಿ, ಸೇತುವೆಯ ಮೇಲೆ ಅವು ಬೇರೆಯೇ ಎತ್ತರವನ್ನು ಕೊಡುತ್ತವೆ.

ಕೆಲವು ವಾಚುಗಳು ಸಮುದ್ರ ಮಟ್ಟದ ಒತ್ತಡವನ್ನು ಕೇಳುತ್ತವೆ. ಹವಾಮಾನ ವರದಿಯಲ್ಲಿ ಸಮುದ್ರ ಮಟ್ಟಕ್ಕೆ ಪರಿವರ್ತಿಸಿದ ಅಂಕಿಯನ್ನೇ ಅಲ್ಲಿ ತುಂಬಬೇಕು. 900 ಮೀಟರ್ ಎತ್ತರದ ಕೇಂದ್ರದಲ್ಲಿ ನೇರವಾಗಿ ಅಳೆದ ಒತ್ತಡ 910 ಹೆಕ್ಟೊಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ, ಅದನ್ನು ತುಂಬಿದರೆ ವಾಚು ಆ ಜಾಗವನ್ನೇ ಸಮುದ್ರ ಮಟ್ಟವೆಂದು ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ದೊಡ್ಡ ಏರುಗಳಲ್ಲಿ ಒಂದು ಕೊರತೆ ಉಳಿದಿತ್ತು: ತಪ್ಪಲಿನಲ್ಲಿ ಅಂಕಿ ಸರಿಯಿದ್ದರೂ ಬಿಸಿಲಿನ ದಿನ ಶಿಖರದಲ್ಲಿ ಕಡಿಮೆ ಬರುತ್ತಿತ್ತು. ಇದು ದೋಷವಲ್ಲ, ಲೆಕ್ಕದ ಮಿತಿ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಉಷ್ಣತೆ, 1013.25 ಹೆಕ್ಟೊಪ್ಯಾಸ್ಕಲ್ ಒತ್ತಡ ಮತ್ತು ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ ಇರುವ ಪ್ರಮಾಣಿತ ವಾತಾವರಣವನ್ನು ಆಧರಿಸಿ ಒತ್ತಡವನ್ನು ಎತ್ತರಕ್ಕೆ ಪರಿವರ್ತಿಸಲಾಗುತ್ತದೆ. ಗಾಳಿ ಅದಕ್ಕಿಂತ ಬಿಸಿಯಿದ್ದರೆ ಹಿಗ್ಗಿ ಹಗುರಾಗಿರುತ್ತದೆ, ಒತ್ತಡ ನಿಧಾನವಾಗಿ ಇಳಿಯುತ್ತದೆ, ವಾಚು ಕಡಿಮೆ ಏರಿಕೆ ತೋರಿಸುತ್ತದೆ. ಪ್ರತಿ 3 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಶೇಕಡ 1 ಎಂದು ಲೆಕ್ಕ ಹಿಡಿಯಬಹುದು. 15 ಡಿಗ್ರಿ ಬಿಸಿ ಹೆಚ್ಚಿದ್ದ ದಿನ 1000 ಮೀಟರ್ ಏರಿದರೆ 950ರ ಸುಮಾರಿಗೆ ಅಂಕಿ ನಿಲ್ಲುತ್ತದೆ. ಚಳಿಯಲ್ಲಿ ಇದಕ್ಕೆ ವಿರುದ್ಧವಾಗಿ ಹೆಚ್ಚು ಬರುತ್ತದೆ. ದಾರಿಯ ನಡುವೆ ಗೊತ್ತಿರುವ ಎತ್ತರಗಳಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡುವುದನ್ನು ಬಿಟ್ಟು ಇದಕ್ಕೆ ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಗಾಳಿಯ ರಭಸವೂ ಲೆಕ್ಕಕ್ಕೆ ಬರುತ್ತದೆ. ಸೈಕಲ್ಲಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ಗಾಳಿ ನೇರವಾಗಿ ರಂಧ್ರಕ್ಕೆ ಬಡಿದರೆ ಹತ್ತು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬರಬಹುದು, ಅಂಗಿಯ ಬಿಗಿಯಾದ ತೋಳು ರಂಧ್ರವನ್ನು ಮುಚ್ಚಿದರೂ ಅಂಕಿ ತಡವರಿಸುತ್ತದೆ. ಒಟ್ಟು ಏರಿಕೆಯ ಅಂಕಿ ಉಬ್ಬುವುದು ಹೆಚ್ಚಾಗಿ ಇಂಥ ಸಣ್ಣ ಏರಿಳಿತಗಳು ಒಂದೊಂದಾಗಿ ಕೂಡಿಕೊಳ್ಳುವುದರಿಂದ. ಬೆಚ್ಚಗಿನ ಕೋಣೆಯಿಂದ ಚಳಿಗೆ ಹೊರಬಂದಾಗ ನಾನು ಹತ್ತು ಹದಿನೈದು ನಿಮಿಷ ಕಾದು, ಸೆನ್ಸರ್ ಹೊರಗಿನ ಉಷ್ಣತೆಗೆ ಹೊಂದಿಕೊಂಡ ಮೇಲೆ ಕ್ಯಾಲಿಬ್ರೇಟ್ ಮಾಡಿ ಹೊರಡುತ್ತೇನೆ. ಶುಚಿಗೊಳಿಸಿ ಪೂರ್ತಿ ಒಣಗಿಸಿದ ಮೇಲೂ ಮೇಜಿನ ಮೇಲಿಟ್ಟ ವಾಚು ನೂರಾರು ಮೀಟರ್ ಜಿಗಿಯುತ್ತಿದ್ದರೆ ಮನೆಯಲ್ಲಿ ಮಾಡುವಂಥದ್ದು ಉಳಿದಿಲ್ಲ. ಆ ರೇಖೆಯ ಚಿತ್ರವನ್ನು ಜೊತೆಗಿಟ್ಟು, ವಾರಂಟಿ ಮುಗಿಯುವ ಮುನ್ನ ಸರ್ವಿಸ್ ಕೇಂದ್ರಕ್ಕೆ ಕಳಿಸಬೇಕು.