ಎರಿ ಭೂಮಿಯಲ್ಲಿ ಶಾಲೆಯ ಮೈದಾನ: ನಾವು ಮಾಡಿದ ರೀತಿ

ವಿಜಯಪುರ ತಾಲ್ಲೂಕಿನಲ್ಲಿ ಪ್ರೌಢಶಾಲೆಗೆ ಮೈದಾನ ಮಾಡುವವರು ಮೊದಲು ಮಣ್ಣು ನೋಡಬೇಕು, ನಕ್ಷೆ ಆಮೇಲೆ. ಎರಿ, ಅಂದರೆ ಕರಿಮಣ್ಣು, ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನಾಲ್ಕು ಇಂಚು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಹರವಿ ಬಿಟ್ಟರೆ ಮಳೆಗಾಲದಲ್ಲಿ ಗರಸು ಕೆಳಗಿಳಿದು ಕರಿಮಣ್ಣು ಮೇಲೇಳುತ್ತದೆ.

ಹೊಸ ಜಾಗದ ಉತಾರ (ಪಹಣಿ) ಕೈಗೆ ಬಂದ ಮೇಲೆ ಭೂಮಾಪನದ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿ ಕಲ್ಲು ನೆಡಿಸಿದೆವು. ಬದುವಿನ ತಕರಾರು ಕಾಂಪೌಂಡ್ ಕಟ್ಟುವ ಮೊದಲೇ ತೀರಬೇಕು.

ಮೈದಾನಕ್ಕೆ 90 × 50 ಮೀಟರ್ ತೆಗೆದಿಟ್ಟೆವು, ಉದ್ದ ದಕ್ಷಿಣೋತ್ತರವಾಗಿ. ಸಂಜೆ ಬಿಸಿಲು ಆಟಗಾರರ ಕಣ್ಣಿಗೆ ಹೊಡೆಯಬಾರದು. ಫೆಬ್ರವರಿಯಲ್ಲಿ, ನೆಲ ಒಣಗಿರುವಾಗ, ಜೆಸಿಬಿಯಿಂದ 30 ಸೆಂ.ಮೀ. ಎರಿ ತೆಗೆಸಿದೆವು. ಅಷ್ಟೇ ದಪ್ಪ ಗರಸು ತುಂಬಲು 1350 ಘನ ಮೀಟರ್ ಬೇಕು. ಆದರೆ ಅದು ರೋಲರ್ ಹೊಡೆದ ಮೇಲಿನ ಲೆಕ್ಕ. ಸಡಿಲ ಗರಸು ಮೂರನೇ ಒಂದು ಭಾಗ ಹೆಚ್ಚೇ ಬೇಕಾಗುತ್ತದೆ, ಸುಮಾರು 635 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಅಂದಾಜು ಪಟ್ಟಿ ಕೈಕೊಡುವುದು ಸಾಮಾನ್ಯವಾಗಿ ಇಲ್ಲೇ. ಹಸಿ ಗರಸನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಅಂಗೈಗೆ ಮೆತ್ತಬಾರದು. ಮೆತ್ತಿದರೆ ಆ ಟಿಪ್ಪರ್ ವಾಪಸ್.

20 ಸೆಂ.ಮೀ. ಸಡಿಲ ಪದರಕ್ಕೆ ನೀರು ಹೊಡೆದು ರೋಲರ್ ಓಡಿಸಿದರೆ 15 ಸೆಂ.ಮೀ.ಗೆ ಕೂಡುತ್ತದೆ. ಎರಡು ಪದರ ಬೇರೆ ಬೇರೆಯಾಗಿಯೇ ಆಗಬೇಕು. ಒಮ್ಮೆಲೇ ಸುರಿದರೆ ಮೇಲ್ಭಾಗ ಗಟ್ಟಿ, ತಳ ಪೊಳ್ಳು. ನಡುವೆ ದಿಬ್ಬ ಮಾಡಿ ಎರಡೂ ಬದಿಗೆ 100ಕ್ಕೆ 1ರಂತೆ ಇಳಿಜಾರು ಕೊಟ್ಟೆವು, ಅಂದರೆ ಅಂಚಿಗೆ 25 ಸೆಂ.ಮೀ. ಇಳಿತ. ಅಂಚಿನಾಚೆ ಗಟಾರ ಇಲ್ಲದಿದ್ದರೆ ಇಳಿದ ನೀರು ಪಕ್ಕದ ಎರಿಗೆ ಸೇರಿ, ಅದು ಉಬ್ಬಿ ಮೈದಾನದ ಅಂಚನ್ನೇ ಎತ್ತುತ್ತದೆ.

200 ಮೀಟರ್ ಟ್ರ್ಯಾಕ್‌ಗೆ 40 ಮೀಟರಿನ ಎರಡು ನೇರ ಭಾಗ. ಉಳಿದ 120 ಮೀಟರ್ ತಿರುವುಗಳಲ್ಲಿ. ಅದಕ್ಕೆ ತ್ರಿಜ್ಯ 19.10 ಮೀಟರ್ ಬರುತ್ತದೆ. ಸುಣ್ಣದ ಗೆರೆಯನ್ನು ಮಾತ್ರ 18.90ಕ್ಕೆ ಎಳೆಯಬೇಕು, ಯಾಕೆಂದರೆ ಓಟದ ದೂರ ಅಳೆಯುವುದು ಗೆರೆಯಿಂದ 20 ಸೆಂ.ಮೀ. ಹೊರಗೆ. ಇದನ್ನು ಮರೆತರೆ ಪ್ರತಿ ಸುತ್ತೂ 1.26 ಮೀಟರ್ ಹೆಚ್ಚು ಉದ್ದವಾಗುತ್ತದೆ. ಎರಡೂ ಬದಿಗೆ 1.22 ಮೀಟರಿನ ನಾಲ್ಕು ಲೇನ್ ಕೂಡಿಸಿ ಟ್ರ್ಯಾಕಿನ ಒಟ್ಟು ಅಗಲ 47.56 ಮೀಟರ್. ಒಳಗೆ ಖೋಖೋ (27 × 16), ವಾಲಿಬಾಲ್ (18 × 9, ಸುತ್ತ 3 ಮೀಟರ್ ಖಾಲಿ) ಕೂಡುತ್ತವೆ. ಕಬಡ್ಡಿ (13 × 10) ತಿರುವಿನ ಒಳಭಾಗದಲ್ಲಿ.

ಪಾರ್ಕಿಂಗ್ ಗೇಟಿನ ಬದಿಗೇ ಇರಲಿ, ಮಕ್ಕಳು ನಡೆದು ಬರುವ ದಾರಿ ಬೇರೆ ಇರಲಿ. ಬೈಕಿಗೆ 1 × 2 ಮೀಟರ್, ಕಾರಿಗೆ 2.5 × 5. ನೆಲಕ್ಕೆ ಹಾಸುವ ಪೇವರ್ ಕಲ್ಲಿನ ದಪ್ಪ ಬೈಕ್ ಕಡೆ 60 ಮಿ.ಮೀ., ಬಸ್ ತಿರುಗುವಲ್ಲಿ 80. ಅಂಚಿಗೆ ಕಾಂಕ್ರೀಟ್ ಕಟ್ಟೆ ಇರಲೇಬೇಕು, ಇಲ್ಲದಿದ್ದರೆ ಕಲ್ಲುಗಳು ಹೊರಕ್ಕೆ ಸರಿಯುತ್ತವೆ. ಅಗೆದ ಎರಿಯನ್ನು ಪಾರ್ಕಿಂಗ್ ತಳಕ್ಕೆ ತುಂಬಬೇಡಿ. ಸುತ್ತಲಿನ ರೈತರಿಗೆ ಕೊಟ್ಟರೆ ಹೊಲಕ್ಕೆ ಹಾಕಿಕೊಳ್ಳುತ್ತಾರೆ.